ಬತ್ತೀನಿ ಅಂದು ಹೋದವರು

ಸೇವೆ ಮಾಡಲೆಂದು ಹೊರದೇಶಕ್ಕೆ ಹೋಗಿ, ಒಂದು ವರ್ಷವೋ ಎರಡು ವರ್ಷವೋ ಇದ್ದು, ತಮ್ಮ ನಾಡಿಗೆ ಮರಳಿದ ಬಿಳಿಯರು ಬರೆದುಕೊಂಡ ನೆನಪುಗಳನ್ನು ನಾವು ಕೈಗೆ ಸಿಕ್ಕಷ್ಟು ಓದಿದ್ದೇವೆ. ಒಂದೊಂದರ ಊರು ಬೇರೆ, ಕೆಲಸ ಬೇರೆ. ಕಡೆಯ ಅಧ್ಯಾಯ ಮಾತ್ರ ಹೆಚ್ಚುಕಮ್ಮಿ ಒಂದೇ. ಹೊರಡುವ ದಿನ ಬರುತ್ತದೆ. ಹಾರ ಹಾಕುತ್ತಾರೆ. ಮಕ್ಕಳು ಬಸ್ಸಿನ ಹಿಂದೆ ಓಡುತ್ತವೆ. ಮುದುಕಿಯೊಬ್ಬಳು ಕೆನ್ನೆ ಸವರಿ ಅಳುತ್ತಾಳೆ. ಬಸ್ಸು ತಿರುವು ದಾಟುವವರೆಗೂ ಸಾಲಾಗಿ ನಿಂತ ಜನ ಕಾಣುತ್ತಿರುತ್ತಾರೆ. ಆಮೇಲೆ ಧೂಳು, ಆಮೇಲೆ ವಿಮಾನ. ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂಬ ಒಂದು ಮಾತು. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ತಮ್ಮ 68ನೇ ವಯಸ್ಸಿನಲ್ಲಿ, 1966ರಲ್ಲಿ, ಬೊಂಬಾಯಿ ಹತ್ತಿರದ ವಿಕ್ರೋಳಿಗೆ ಬಂದು ಎರಡು ವರ್ಷ ರೋಗಿಗಳ ಸೇವೆ ಮಾಡಿದರು. ಆಗ ಅವರು ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾಗಿ ಬಂದವು. ಆ ವಯಸ್ಸಿನಲ್ಲಿ ಅಷ್ಟು ದೂರ ಬಂದ ಆ ತಾಯಿಯ ಎದೆ ದೊಡ್ಡದು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಅವರ ಕೈಯಿಂದ ಔಷಧಿ ತೆಗೆದುಕೊಂಡವರು ಅವರು ಹೋದ ಮೇಲೆ ಏನಂದುಕೊಂಡರು ಎಂಬುದನ್ನು ಅಚ್ಚು ಹಾಕಿದವರನ್ನು ನಾವು ಕಂಡಿಲ್ಲ.

ಅಂಥ ಒಂದು ಸಾಲಿನಲ್ಲಿ ನಾವೂ ನಿಂತಿದ್ದೆವು. ಚಡ್ಡಿಯ ಗುಂಡಿ ಕಿತ್ತುಹೋದ ಹುಡುಗರಾಗಿ. ಆದ್ದರಿಂದ ಬಸ್ಸಿನ ಈಚೆಗೆ ನಿಂತವರ ಕಡೆಯಿಂದ ಈ ಬೀಳ್ಕೊಡುಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನಮಗಿದೆ ಅಂದುಕೊಂಡಿದ್ದೇವೆ. ಕೇಳಬೇಕಾದ ಪ್ರಶ್ನೆ ಇಷ್ಟೆ: ಹೋಗುವ ದಿನವನ್ನು ಜೇಬಿನಲ್ಲಿಟ್ಟುಕೊಂಡೇ ಬಂದವನು, ಹೋಗಲಾರದವರಿಗೆ ಏನು ಬಾಕಿ ಉಳಿಸಿಹೋಗುತ್ತಾನೆ? ಆ ಬಾಕಿಯನ್ನು ತೀರಿಸಲಿಕ್ಕಾದರೂ ಆಗುತ್ತದೆಯೆ?

ಪೀಸ್ ಕೋರ್ ಎಂಬ ದಳವನ್ನು ಅಮೆರಿಕದ ಅಧ್ಯಕ್ಷ ಕೆನಡಿ ಹುಟ್ಟುಹಾಕಿದ್ದು 1961ರ ಮಾರ್ಚ್ 1ರಂದು. ಆಗತಾನೆ ಕಾಲೇಜು ಬಿಟ್ಟ ಹುಡುಗ ಹುಡುಗಿಯರು ಬಡದೇಶಗಳಿಗೆ ಹೋಗಿ ಎರಡು ವರ್ಷ ಅಲ್ಲಿನ ಜನರ ನಡುವೆ ಬದುಕಿ ಕೆಲಸ ಮಾಡಬೇಕೆಂಬುದು ಅದರ ಕಟ್ಟಳೆ. ಅದೇ ವರ್ಷ ಭಾರತಕ್ಕೆ ಮೊದಲ ತಂಡ ಬಂತು, ಪಂಜಾಬಿಗೆ. ಮುಂದೆ ನಮ್ಮ ಮೈಸೂರು ರಾಜ್ಯಕ್ಕೂ ಬಂದರು. 1971ರ ಯುದ್ಧದಲ್ಲಿ ಅಮೆರಿಕ ತನ್ನ ಏಳನೆಯ ನೌಕಾಪಡೆಯ ಹಡಗುಗಳನ್ನು ಬಂಗಾಳ ಕೊಲ್ಲಿಗೆ ಕಳಿಸಿದ ಮೇಲೆ ಸಂಬಂಧ ಹಳಸಿತು. 1976ರಲ್ಲಿ ಇಲ್ಲಿಯ ಕೆಲಸವೇ ಮುಗಿಯಿತು. ಅಷ್ಟರಲ್ಲಿ 4,000ಕ್ಕೂ ಹೆಚ್ಚು ಮಂದಿ ಬಂದು ಹೋಗಿದ್ದರು. ಇದರ ಹಿಂದಿನ ರಾಜಕಾರಣ ನಮಗೆ ತಿಳಿಯದ್ದಲ್ಲ. ಬಡದೇಶಗಳು ರಷ್ಯಾದ ಕಡೆ ವಾಲಿಯಾವೆಂಬ ಹೆದರಿಕೆ ಅಮೆರಿಕಕ್ಕಿತ್ತು. ಪಿ.ಎಲ್. 480ರ ಗೋಧಿ, ಇಸ್ಕೂಲಿನಲ್ಲಿ ನಾವು ತಟ್ಟೆ ಹಿಡಿದು ತಿಂದ ಕೇರ್ ಉಪ್ಪಿಟ್ಟು, ಹಾಲಿನ ಪುಡಿ, ಈ ಹುಡುಗರು, ಎಲ್ಲ ಒಂದೇ ಹಡಗಿನ ಸರಕು ಎಂದು ಎಡಪಕ್ಷದ ಗೆಳೆಯರು ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಉಪ್ಪಿಟ್ಟಿನ ರಾಜಕಾರಣ ಗೊತ್ತಾದ ಮಾತ್ರಕ್ಕೆ ಆವತ್ತು ನಮಗೆ ಹಸಿವಿರಲಿಲ್ಲ ಅಂತ ಆಗುವುದಿಲ್ಲವಲ್ಲ.

ನಮ್ಮ ಹೋಬಳಿಗೆ ಬಂದವನು ಕೋಳಿ ಸಾಕುವುದನ್ನು ಕಲಿಸಲು ಬಂದವನು. 1966ರ ಮುಂಗಾರು. ಇಪ್ಪತ್ತಮೂರು ವಯಸ್ಸು, ಬಿಸಿಲಿಗೆ ಸಿಪ್ಪೆ ಸುಲಿದ ಕೆಂಪು ಮೂಗು, ಒಂದು ಸೈಕಲ್ಲು. ಊರವರು ಅವನನ್ನು ಅಮೆರಿಕದ ದೊರೆ ಅಂದರು. ಕೇರಿಯವರು ಕೋಳಿಸಾಯೇಬ ಅಂದರು. ಅವನ ಹೆಸರು ಇಲ್ಲಿ ಬೇಡ. ಅವನೊಬ್ಬನ ಮೇಲೆ ದೂರು ಹೊರಿಸಲು ಇದನ್ನು ಬರೆಯುತ್ತಿಲ್ಲ. ಕನ್ನಡ ಕಲಿತೇ ಬಂದಿದ್ದ. ಕಲಿಸಿದವರು ಯಾರೋ ಪಂಡಿತರಿರಬೇಕು, ಮೊದಲ ಸಲ ಕೇರಿಗೆ ಬಂದಾಗ ‘ತಮ್ಮ ಭೋಜನವಾಯಿತೆ?’ ಎಂದು ನಮ್ಮವ್ವನನ್ನು ಕೇಳಿದ. ನಮ್ಮವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಕ್ಕೋಡಿ ನಕ್ಕಳು. ಜನ್ಮದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಆರು ತಿಂಗಳಲ್ಲಿ ಅವನೂ ಹಕಾರ ಬಿಟ್ಟು ‘ಉಂಡ್ಯೇನಮ್ಮ’ ಅನ್ನುವಷ್ಟಾದ.

ಬಿಳಿ ಲೆಗಾರ್ನ್ ಕೋಳಿ ನಾಟಿ ಕೋಳಿಯ ಎರಡು ಮೂರರಷ್ಟು ಮೊಟ್ಟೆ ಇಡುತ್ತದೆ. ಆದರೆ ಅದಕ್ಕೊಂದು ಮನೆ ಬೇಕು, ನೆಲಕ್ಕೆ ಹಾಸಲು ಹೊಟ್ಟು ಬೇಕು, ಕೊಂಡುತಂದ ಮೇವು ಬೇಕು. ಅಂದರೆ ಜಮೀನಿದ್ದವನಿಗೆ, ಕೈಯಲ್ಲಿ ಕಾಸಿದ್ದವನಿಗೆ. ಹಾಗಾಗಿ ಸರ್ಕಾರದ ಲೆಕ್ಕದ ಕೋಳಿಯೆಲ್ಲ ಊರ ಯಜಮಾನರ ತೋಟಕ್ಕೆ ಹೋದವು. ಕೇರಿಗೆ ಅವನು ಬರುತ್ತಿದ್ದುದು ಸಾಯಂಕಾಲ, ಯಾರ ಅಪ್ಪಣೆಯೂ ಇಲ್ಲದೆ. ಕೋಳಿಯ ವಿಷಯ ತಿಳಿದವರು ಕೇರಿಯ ಹೆಂಗಸರೇ ಎಂಬುದು ಅವನಿಗೆ ಬೇಗ ಗೊತ್ತಾಗಿತ್ತು. ನಮ್ಮಜ್ಜಿಗೆ ಹತ್ತು ಬಿಳಿ ಮರಿ ಕೊಟ್ಟ. ಅವು ದೊಡ್ಡವಾಗಿ ಮೊಟ್ಟೆಯಿಟ್ಟು ಎದ್ದು ಹೋದವು, ಒಂದೂ ಕಾವಿಗೆ ಕೂರಲಿಲ್ಲ. ಆ ತಳಿಯೇ ಹಾಗೆ. ಅಜ್ಜಿ ನಾಟಿ ಹೇಟೆಯ ಕೆಳಗೆ ಆ ಮೊಟ್ಟೆ ಇಟ್ಟು, ‘ಮಡಗಿ ಮಡಗಿ ಓಗದು ನಿನ್ ಕೋಳಿ, ಕಾವು ಕೂರದು ನನ್ ಕೋಳಿ ಕಣಪ್ಪ’ ಅಂದಳು. ಅವನು ಅರ್ಥವಾಗಿ ನಕ್ಕನೋ, ಅರ್ಥವಾಗದೆ ನಕ್ಕನೋ. ಕೊಕ್ಕರೆ ರೋಗದ ಲಸಿಕೆಯನ್ನು ತಾಲ್ಲೂಕಿನಿಂದ ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಸೈಕಲ್ಲಿನಲ್ಲಿ ಅವನೇ ತರುತ್ತಿದ್ದ. ಅವನು ಹೋದ ಮೇಲೆ ಐಸು ತರುವವರು ಯಾರೂ ಇರಲಿಲ್ಲ. ಮುಂದಿನ ಬೇಸಿಗೆಗೆ ಬಿಳಿ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತವು. ಇದು ಚಿಕ್ಕ ಬಾಕಿ, ಬಿಡಿ.

ದೊಡ್ಡದು ನೀರಿನದು. ನಮ್ಮ ಕೇರಿಗೆ ಬಾವಿ ಇರಲಿಲ್ಲ. ಊರ ಸೇದೋ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಬಿಂದಿಗೆ ಇಟ್ಟುಕೊಂಡು ನಮ್ಮ ಹೆಂಗಸರು ಕೂತಿರಬೇಕು. ಪುಣ್ಯಾತ್ಮರು ಯಾರಾದರೂ ಸೇದಿ ಮೇಲಿಂದ ಸುರಿದರೆ ಉಂಟು. 1967ರ ಬೇಸಿಗೆಯಲ್ಲಿ ಒಂದು ದಿನ ಆ ಹುಡುಗ ಸೈಕಲ್ಲಿನಿಂದಿಳಿದು, ನಮ್ಮವ್ವನ ಬಿಂದಿಗೆ ತಗೊಂಡು ಸೀದಾ ಕಟ್ಟೆ ಹತ್ತಿ ನೀರು ಸೇದಿ ತುಂಬಿಕೊಟ್ಟ. ಊರು ನೋಡಿತು, ಏನೂ ಅನ್ನಲಿಲ್ಲ. ದಿನಾ ಅದೇ ಆಯಿತು. ಆಮೇಲೆ ನಮ್ಮ ಹುಡುಗರು ಅವನ ಪಕ್ಕದಲ್ಲಿ ನಿಂತು ಹಗ್ಗ ಹಿಡಿದರು. ಆಗಲೂ ಊರು ಏನೂ ಅನ್ನಲಿಲ್ಲ. ವರ್ಷ ತುಂಬುವಷ್ಟರಲ್ಲಿ ಅವನಿಲ್ಲದಿದ್ದರೂ ಕೇರಿಯವರೇ ಹೋಗಿ ಸೇದುವುದು ರೂಢಿಯಾಗಿತ್ತು. ನಾವು ಹುಡುಗರು, ಕಾಲ ಬದಲಾಯಿತು ಅಂದುಕೊಂಡೆವು.

ಊರು ಯಾಕೆ ಸುಮ್ಮನಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅವನು ಬಂದ ದಿನವೇ ಪಂಚಾಯಿತಿಗೆ ಸರ್ಕಾರದ ಕಾಗದ ಬಂದಿತ್ತು. ಇಂತಿಂಥವರು ಎರಡು ವರ್ಷದ ಅವಧಿಗೆ ಬಂದಿದ್ದಾರೆ, ಇಂಥ ತಿಂಗಳು ಹಿಂದಿರುಗುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಚಾವಡಿಯಲ್ಲಿ ಕೂರುವವರಿಗೆಲ್ಲ ಆ ದಿನ ಗೊತ್ತಿತ್ತು. ಕೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇವನು ಇಲ್ಲೇ ನೆಲೆ ನಿಂತ ಅಂದುಕೊಂಡಿದ್ದ ನಮ್ಮಜ್ಜಿ ಅವನಿಗೊಂದು ಹೆಣ್ಣು ನೋಡುವ ಮಾತನ್ನೂ ಆಡಿದ್ದುಂಟು. ಅವನು ಮುಚ್ಚಿಟ್ಟನೆಂದು ನಾವು ಹೇಳುವುದಿಲ್ಲ. ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದ. ಊರು ಮಾತ್ರ ಬೆರಳು ಮಡಿಚಿ ತಿಂಗಳು ಎಣಿಸುತ್ತಾ ಕೂತಿತ್ತು.

1968ರ ಮೇ ತಿಂಗಳಲ್ಲಿ ಬೀಳ್ಕೊಡುಗೆ. ಇಸ್ಕೂಲಿನ ಮುಂದೆ ಚಪ್ಪರ, ಬೆಂಚು ಕುರ್ಚಿ, ಪಟ್ಟಣದಿಂದ ಬಂದ ಫೋಟೋದವನು. ಮೈಸೂರು ಪೇಟ ಕಟ್ಟಿದರು, ಗಂಧದ ಹಾರ ಹಾಕಿದರು. ತೋಟದಲ್ಲಿ ಕೋಳಿ ಮನೆ ಕಟ್ಟಿಸಿಕೊಂಡವರು ಒಬ್ಬರಾದ ಮೇಲೊಬ್ಬರು ಎದ್ದು ಭಾರತ ಅಮೆರಿಕಗಳ ಸ್ನೇಹದ ಬಗ್ಗೆ ಭಾಷಣ ಮಾಡಿದರು. ನಾವು ಹುಣಿಸೆಮರದ ಕೆಳಗೆ ನಿಂತಿದ್ದೆವು. ಫೋಟೋ ತೆಗೆಯುವ ಹೊತ್ತಿಗೆ ಅವನು ಎದ್ದು ನಮ್ಮ ಕಡೆಗೆ ಬಂದು, ಬನ್ನಿ, ನೀವೆಲ್ಲ ಬರಬೇಕು ಎಂದು ನಮ್ಮಯ್ಯನ ಕೈ ಹಿಡಿದೆಳೆದ. ನಮ್ಮಯ್ಯ ಕೈ ಬಿಡಿಸಿಕೊಂಡು ಮೆಲ್ಲಗೆ ಅಂದದ್ದು ಇಷ್ಟು: ‘ಬ್ಯಾಡಿ ಬುದ್ಧಿ. ನೀವು ನಾಳೀಕೆ ಓಯ್ತೀರಿ.’

ಅವನಿಗೆ ಆ ಮಾತು ತಾಕಿತು, ಮುಖ ನೋಡಿದವರಿಗೆಲ್ಲ ಗೊತ್ತಾಯಿತು. ಆದರೆ ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಕಾಯುತ್ತಿದ್ದ, ಹೋಗಿ ಕೂತ. ಆ ಫೋಟೋದಲ್ಲಿ ನಾವಿಲ್ಲ.

ರಾತ್ರಿ ಕೇರಿಗೆ ಬಂದ. ನಮ್ಮವ್ವ ನಾಟಿ ಕೋಳಿ ಕುಯ್ದು ಸಾರು ಮಾಡಿದ್ದಳು. ಉಂಡ. ಹೊರಡುವಾಗ ಎದ್ದು ನಿಂತು ಅಳತೊಡಗಿದ, ಚಿಕ್ಕಮಕ್ಕಳ ಹಾಗೆ ಭುಜ ಕುಣಿಸಿಕೊಂಡು. ಅಜ್ಜಿ ಅವನ ಮುಖ ಒರೆಸಿ ‘ಯಾವಾಗ್ ಬತ್ತೀಯಪ್ಪ?’ ಅಂದಳು. ಅವನು ‘ಬತ್ತೀನಿ ಅಜ್ಜಿ’ ಅಂದ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು, ಹೆಚ್ಚೆಂದರೆ ‘ಹೋಗಿಬರ್ತೀನಿ’. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಏನೂ ಅನ್ನದೆ ಎದ್ದು ಹೋಗಬೇಕು. ಇದು ಮರ್ಯಾದೆಯ ಮಾತು, ಕರಾರಿನ ಮಾತಲ್ಲ. ಸಂತೆಗೆ ಹೋಗುವವನೂ ಹೀಗೇ ಅನ್ನುತ್ತಾನೆ, ಇನ್ನೆಂದೂ ತಿರುಗಿ ನೋಡದವನೂ ಹೀಗೇ ಅನ್ನುತ್ತಾನೆ. ಆ ಹುಡುಗ ನಮ್ಮ ಮಾತಿನ ಈ ಮರ್ಯಾದೆಯನ್ನು ಸರಿಯಾಗಿ ಕಲಿತಿದ್ದ, ಅಷ್ಟೆ. ಹಾಗಾದರೆ ಅವನು ಆಡಿದ್ದು ಸುಳ್ಳೆ? ನಾವು ಬಹಳ ದಿನ ಇದನ್ನು ಯೋಚಿಸಿದ್ದೇವೆ. ಅವನು ಸುಳ್ಳಾಡಲಿಲ್ಲ; ಆದರೆ ಅಜ್ಜಿ ಕೇಳಿದ್ದು ‘ಬತ್ತೀಯಾ’ ಅಂತಲ್ಲ, ‘ಯಾವಾಗ’ ಅಂತ. ಎರಡು ವರ್ಷ ತಡವಾಗಿಯಾದರೂ ಆ ಮುದುಕಿ ಕೇಳಿದ್ದು ದಿನಾಂಕವನ್ನೇ. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ಮರ್ಯಾದೆ.

ಅವನು ಹೋದ ಹನ್ನೊಂದನೆಯ ದಿನ ಬಾವಿಕಟ್ಟೆಯ ಮೇಲೆ ನಮ್ಮವರಿಗೆ ಬಿತ್ತು. ನಮ್ಮಯ್ಯನ ಎಡಗೈ ಮುರಿಯಿತು. ಇಬ್ಬರಿಗೆ ತಲೆ ಒಡೆಯಿತು. ಬಿಂದಿಗೆಗಳನ್ನು ಕಲ್ಲಿನ ಮೇಲೆ ಕುಕ್ಕಿ ಹಾಕಿದರು. ಆಮೇಲೆ ಮೂರು ತಿಂಗಳ ಬಹಿಷ್ಕಾರ: ಕೂಲಿಗೆ ಕರೆಯುವವರಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡುವವರಿಲ್ಲ. ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ 1955ರಲ್ಲೇ ಬಂದಿತ್ತು. ಅದು ದೆಹಲಿಯಿಂದ ಹೊರಟು ಹದಿಮೂರು ವರ್ಷವಾದರೂ ನಮ್ಮ ಹೋಬಳಿಯ ಠಾಣೆಗೆ ಬಂದು ಮುಟ್ಟಿರಲಿಲ್ಲ.

ಇಲ್ಲಿಯವರೆಗೆ ಕೇಳಿದವರು, ಆ ಬಿಳಿಯನ ಪುಂಡಾಟಕ್ಕೆ ನೀವು ಬೆಲೆ ತೆತ್ತಿರಿ ಅನ್ನುತ್ತಾರೆ. ನಾವೂ ಒಂದು ಕಾಲದಲ್ಲಿ ಹಾಗೇ ಅನ್ನುತ್ತಿದ್ದೆವು. ಹಿಂದಿರುಗುವ ಟಿಕೆಟ್ಟು ಇದ್ದವನ ಧೈರ್ಯ ಅದು, ಅವನು ಖರ್ಚು ಮಾಡಿದ್ದು ನಮ್ಮ ಬೆನ್ನನ್ನು, ಎಂದು ಎಷ್ಟೋ ಸಭೆಗಳಲ್ಲಿ ಗಂಟಲು ಹರಿಯುವಂತೆ ಹೇಳಿದ್ದೇವೆ. ನಮ್ಮ ಬಾಯಿ ಮುಚ್ಚಿಸಿದ್ದು ನಮ್ಮಯ್ಯ.

ಮಾರನೆಯ ವರ್ಷ ಅಮೆರಿಕದಿಂದ ಒಂದು ಕಾಗದ ಬಂತು. ಇಸ್ಕೂಲಿನ ಮೇಷ್ಟರೊಬ್ಬರು ನಡೆದದ್ದನ್ನೆಲ್ಲ ಅವನಿಗೆ ಬರೆದಿದ್ದರಂತೆ. ಅವನು ದಪ್ಪ ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಹಾಳೆ ತುಂಬ ಬರೆದಿದ್ದ. ಇದೆಲ್ಲ ನನ್ನಿಂದ ಆಯಿತು, ತಪ್ಪು ನನ್ನದು, ನಾನು ಹಾಗೆ ಮಾಡಬಾರದಿತ್ತು, ನನ್ನನ್ನು ಕ್ಷಮಿಸಿ ಎಂಬುದೇ ಅದರ ಸಾರ. ಮೇಷ್ಟರು ಓದಿ ಕಣ್ಣೊರೆಸಿಕೊಂಡರು. ಹೆಂಗಸರು ಅತ್ತರು. ನಮ್ಮಯ್ಯ ಮಾತ್ರ ಸೊಟ್ಟಗೆ ಕೂಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಕೆರಳಿ ಎದ್ದ. ‘ಏಟ್ ತಿಂದೋರ್ ನಾವು. ತಪ್ಪೂ ಅವುನ್ದೇ ಆಗೋಯ್ತಾ? ನೀರ್ ಸೇದಿದ್ದು ನಮ್ ಕೈಯಿ. ಬಾಯಾರಿತ್ತು, ಸೇದ್ದೊ. ಅದ್ನೂ ಅವ್ನೇ ತಗಂಡ್ ಓಗ್ಬುಟ್ನಾ?’

ಆ ಸಿಟ್ಟು ನಮಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು. ಬಂದವನಿಗೂ, ಹೊಡೆದವರಿಗೂ, ಆಮೇಲೆ ಕನಿಕರಪಟ್ಟ ನಮಗೂ ಒಂದು ವಿಷಯದಲ್ಲಿ ಒಮ್ಮತವಿತ್ತು: ಕೇರಿಯವರು ತಾವಾಗಿ ಏನನ್ನೂ ಮಾಡಿದವರಲ್ಲ. ಊರು ಅಂದದ್ದು, ಆ ಬಿಳಿಯ ಇವರ ತಲೆ ಕೆಡಿಸಿದ. ಬಿಳಿಯ ಅಂದದ್ದು, ನಾನು ಇವರನ್ನು ಅಪಾಯಕ್ಕೆ ನೂಕಿದೆ. ಯಾರ ಲೆಕ್ಕದಲ್ಲೂ ನಮ್ಮಯ್ಯನ ಬಾಯಾರಿಕೆ ಇಲ್ಲ, ಹಗ್ಗ ಹಿಡಿಯುವ ಮುಂಚೆ ಅವನು ಮಾಡಿಕೊಂಡಿರಬಹುದಾದ ನಿರ್ಧಾರ ಇಲ್ಲ. ಕ್ಷಮೆ ಕೇಳುವ ಕಾಗದವೂ ಒಬ್ಬ ಮನುಷ್ಯನ ಕೈಯಿಂದ ಅವನ ಕೆಲಸವನ್ನು ಕಿತ್ತುಕೊಳ್ಳಬಲ್ಲದು. ಹಾಗಾದರೆ ಬಾಕಿ ಏನು? ನೀರು ಸೇದಿದ್ದು ಅವನ ತಪ್ಪಲ್ಲ, ಸರಿಯಾದ ಕೆಲಸವೇ. ನಮ್ಮವರು ಜೊತೆಗೂಡಿದ್ದು ಅವನ ಹೊಣೆಯಲ್ಲ, ನಮ್ಮದು. ಅವನು ಕೊಡದೆ ಹೋದದ್ದು ಒಂದೇ, ಆ ದಿನಾಂಕ. ಊರಿಗೆ ಗೊತ್ತಿದ್ದದ್ದು ಕೇರಿಗೂ ಗೊತ್ತಿದ್ದರೆ ನಮ್ಮಯ್ಯ ಆವತ್ತೂ ಬಾವಿಗೆ ಹೋಗುತ್ತಿದ್ದನೇನೋ. ಆದರೆ ಹತ್ತು ಜನರನ್ನು ಜೊತೆಗೆ ಕಟ್ಟಿಕೊಂಡು ಹೋಗುತ್ತಿದ್ದ, ತಾಲ್ಲೂಕಿಗೆ ಒಂದು ಅರ್ಜಿ ಹಾಕಿಸಿ ಹೋಗುತ್ತಿದ್ದ. ತನ್ನ ಧೈರ್ಯವನ್ನು ಅಳೆದುಕೊಳ್ಳಲು ಬೇಕಾದ ಕೋಲು ಅವನಿಗೆ ಸಿಗಲಿಲ್ಲ.

ಅದೇ 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಹಳ್ಳಿಗಳಲ್ಲಿ ಸೇವೆ ಮಾಡಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ಇವಾನ್ ಇಲಿಚ್ ಒಂದು ಕಟುವಾದ ಭಾಷಣ ಮಾಡಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ. ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅದರ ಒಟ್ಟು ತಾತ್ಪರ್ಯ. ಬಿಳಿಯರ ಸೇವೆಯ ಸೋಗನ್ನು ಅಷ್ಟು ನಿಷ್ಠುರವಾಗಿ ಹರಿದು ತೋರಿಸಿದವರು ಕಡಿಮೆ. ಓದಿದಾಗ ನಾವು ಕುಣಿದಾಡಿದ್ದೆವು. ಈಗ ಅಷ್ಟು ಉತ್ಸಾಹವಿಲ್ಲ. ಯಾರೂ ಬರಬೇಡಿ ಎಂಬ ಮಾತು ನಮ್ಮ ಊರ ಯಜಮಾನರಿಗೂ ಬಹಳ ಹಿಡಿಸುತ್ತಿತ್ತು. ಹೊರಗಿನವರು ಬರದಿದ್ದರೆ ಹಳ್ಳಿ ತನ್ನಷ್ಟಕ್ಕೆ ನೆಮ್ಮದಿಯಾಗಿರುತ್ತದೆ ಅನ್ನುವವರು ಆ ನೆಮ್ಮದಿಯಲ್ಲಿ ಕೇರಿಯ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ನಮ್ಮ ಜಗಲಿಯ ಮೇಲೆ ಕೂತು ನಮ್ಮ ಚೆಂಬಿನಲ್ಲಿ ನೀರು ಕುಡಿದ ಮೊದಲ ಹೊರಗಿನವನು ಅವನೇ. ಅದನ್ನು ಅಲ್ಲಗಳೆಯಲು ನಮ್ಮ ನಾಲಗೆ ಏಳುವುದಿಲ್ಲ.

ಸ್ವಯಂಸೇವಕ ಎಂಬ ಮಾತನ್ನೇ ತಗೊಳ್ಳಿ. ಸೇವೆ ಎಂಬುದು ಕೇರಿಗೆ ಹೊಸದಲ್ಲ. ಊರ ಸೆಗಣಿ ಬಾಚಿದ್ದು, ಸತ್ತ ದನ ಎಳೆದದ್ದು, ತಮಟೆ ಬಡಿದದ್ದು ಸೇವೆಯೇ. ಅದರಲ್ಲಿ ಇಲ್ಲದ್ದು ‘ಸ್ವಯಂ’. ನಮ್ಮಯ್ಯ 200 ರೂಪಾಯಿ ಸಾಲಕ್ಕೆ ಜೀತಕ್ಕಿದ್ದ. ಅವಧಿ ಎಂಬುದೇ ಇಲ್ಲ. ಜೀತದವನಿಗೆ ಬೀಳ್ಕೊಡುಗೆ ಸಮಾರಂಭ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ? ಪೀಸ್ ಕೋರಿನವರಿಗೆ ಅವರ ಸರ್ಕಾರ ತಿಂಗಳಿಗೆ 75 ಡಾಲರು ಎತ್ತಿಟ್ಟು ಕೊನೆಯಲ್ಲಿ ಕೊಡುತ್ತಿತ್ತು, ಮರಳಿ ಹೋಗಿ ಬದುಕು ಹೂಡಲಿ ಎಂದು. ಎರಡು ವರ್ಷಕ್ಕೆ 1,800 ಡಾಲರು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲಿನ ಲೆಕ್ಕದಲ್ಲಿ 13,500 ರೂಪಾಯಿ. ನಮ್ಮ ಜಗಲಿಯ ಮೇಲೆ ಅಳುತ್ತಾ ನಿಂತವನ ಹೆಸರಿನಲ್ಲಿ ಅಷ್ಟು ಹಣವಿತ್ತು, ಎದುರಿಗೆ ನಿಂತವನ ತಲೆಯ ಮೇಲೆ 200 ರೂಪಾಯಿ ಸಾಲವಿತ್ತು. ತೀರಿಸಬೇಕಿತ್ತು ಅಂತ ನಾವು ಹೇಳುತ್ತಿಲ್ಲ. ಹಾಗೆ ತೀರಿಸಿದ್ದರೆ ನಮ್ಮಯ್ಯ ಏನನ್ನುತ್ತಿದ್ದನೋ. ಒಂದೇ ಜಗಲಿಯ ಮೇಲಿನ ಎರಡು ಅಂಕಿ ಇವು, ಅಷ್ಟೆ. ಜೀತ ಹೋದದ್ದು 1976ರಲ್ಲಿ ಕಾಯ್ದೆಯಾದ ಮೇಲೆ, ಅದೂ ಕುಂಟುತ್ತಾ.

ಹೊರಗಿನಿಂದ ಬಂದವರೆಲ್ಲ ಒಂದೇ ಅನ್ನುವಂತಿಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದಾಗ ಅವರೂ ಬೊಂಬಾಯಿಯಿಂದ ಬಂದವರೇ. ಆವತ್ತೇ ಸವರ್ಣೀಯರು ಸಮಾವೇಶಕ್ಕೆ ಬಂದವರ ಮೇಲೆ ಬಿದ್ದರು, ಹಳ್ಳಿಗಳಿಗೆ ಮರಳುತ್ತಿದ್ದವರನ್ನೂ ಬಿಡಲಿಲ್ಲ. ಬಾಬಾಸಾಹೇಬರು ಬೊಂಬಾಯಿಗೆ ಹಿಂದಿರುಗಿದರು, ನಿಜ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಬಂದರು, ಮನುಸ್ಮೃತಿ ಸುಟ್ಟದ್ದು ಆಗಲೇ. ಕೆರೆಯ ಖಟ್ಲೆ ಹತ್ತು ವರ್ಷ ನಡೆದು 1937ರ ಮಾರ್ಚ್‌ನಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಮಹಾಡದವರು ಏಟು ತಿನ್ನಲಿಲ್ಲ ಅಂತಲ್ಲ. ತಿಂದ ಏಟನ್ನು ಎತ್ತಿ ಹಿಡಿದು ಕೇಳುವವರು ಅವರಿಗಿದ್ದರು, ಕೇಳಿದ್ದು ಅವರದೇ ಹೆಸರಿನಲ್ಲಿ.

ಇನ್ನೊಂದು ಕಡೆಯ ಕತೆಯನ್ನೂ ಹೇಳಬೇಕು. ಜರ್ಮನಿಯ ಸರ್ಕಾರ 2008ರಿಂದ ತನ್ನ ಹುಡುಗರನ್ನು ನಮ್ಮಂಥ ದೇಶಗಳಿಗೆ ಕಳಿಸುವ ವೆಲ್ಟ್‌ವೆರ್ಟ್ಸ್ ಎಂಬ ಯೋಜನೆ ನಡೆಸುತ್ತಿದೆ. 2013ರಿಂದ ಈಚೆಗೆ ನಮ್ಮ ಕಡೆಯವರೂ ಅಲ್ಲಿಗೆ ಹೋಗುವ ದಾರಿ ತೆರೆಯಿತು. ನಮ್ಮ ಬಳಗದ ಹುಡುಗಿಯೊಬ್ಬಳು, ಕೇರಿಯ ಹುಡುಗಿ, ಹಾಗೆ ಹೋಗಿ ಅಲ್ಲಿನ ಒಂದು ವೃದ್ಧರ ಮನೆಯಲ್ಲಿ ಒಂದು ವರ್ಷ ಕೆಲಸ ಮಾಡಿ ಬಂದಳು. ಮುದುಕರಿಗೆ ಉಣ್ಣಿಸುವುದು, ಸ್ನಾನ ಮಾಡಿಸುವುದು. ನಮ್ಮೂರಲ್ಲಿ ಅವಳು ಮುಟ್ಟಿದ ಚೆಂಬನ್ನು ತೊಳೆದು ಒಳಗಿಡುವವರಿದ್ದಾರೆ. ಅಲ್ಲಿ ಅವಳ ಕೈತುತ್ತಿಗೆ ಬಾಯಿ ತೆರೆದು ಕಾಯುತ್ತಿದ್ದರು. ಅಲ್ಲಿ ಬಣ್ಣ ನೋಡುವವರಿಲ್ಲ ಅಂತಲ್ಲ, ಅದನ್ನೂ ಅವಳು ಹೇಳಿದಳು. ಬೀಳ್ಕೊಡುವ ದಿನ ಕೇಕು ಕತ್ತರಿಸಿದರಂತೆ. ಅವರ ಭಾಷೆಯಲ್ಲಿ ಹೊರಡುವಾಗ ಅನ್ನುವ ‘ಔಫ್ ವೀಡರ್‌ಜೇನ್’ ಎಂಬುದಕ್ಕೂ ಮತ್ತೆ ನೋಡುವವರೆಗೆ ಎಂದೇ ಅರ್ಥ, ನಮ್ಮ ಬತ್ತೀನಿಯ ತಂಗಿ. ಗಾಲಿಕುರ್ಚಿಯ ಮೇಲಿದ್ದ ತೊಂಬತ್ತರ ಮುದುಕಿಗೆ ಅವಳು ಅದನ್ನು ಅನ್ನಲಾಗಲಿಲ್ಲ. ವೀಸಾ ಆ ವಾರಕ್ಕೆ ಮುಗಿಯುತ್ತಿತ್ತು. ‘ನಾನು ಇನ್ನು ಬರುವುದಿಲ್ಲ, ನಾಳೆಯಿಂದ ಬೇರೆಯವರು ಬರುತ್ತಾರೆ, ಅವರ ಕೈಲಿ ಉಣ್ಣಬೇಕು’ ಎಂದು ವಾರಕ್ಕೆ ಮುಂಚೆಯೇ ಹೇಳಿಬಿಟ್ಟಿದ್ದಳಂತೆ. ಮುದುಕಿ ಎರಡು ದಿನ ಮಾತಾಡದೆ, ಮೂರನೆಯ ದಿನ ಆ ಬೇರೆಯವರ ಹೆಸರೇನು ಎಂದು ಕೇಳಿದಳಂತೆ.

ಹಾಗಿದ್ದರೂ ವಿಮಾನ ಹತ್ತುವಾಗ ಅತ್ತೆ, ಅಂದಳು ಆ ಹುಡುಗಿ. ಅವರನ್ನು ಬಿಟ್ಟು ಬರುವುದಕ್ಕಲ್ಲ, ಯಾವ ಕೇರಿ ಎಂದು ಯಾರೂ ಕೇಳದ ಒಂದು ವರ್ಷವನ್ನು ಬಿಟ್ಟು ಬರುವುದಕ್ಕೆ. ಅಮೆರಿಕ ಇಂಗ್ಲೆಂಡುಗಳಿಂದ ಮರಳಿ 1917ರಲ್ಲಿ ಬರೋಡಾ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಬಾಬಾಸಾಹೇಬರಿಗೆ, ಎಲ್ಲಿ ಉಳಿಯುವುದು ಎಂಬ ಪ್ರಶ್ನೆ ಎದ್ದಾಗಲೇ ತಾವು ಅಸ್ಪೃಶ್ಯರೆಂಬುದು ಮತ್ತೆ ನೆನಪಾದದ್ದು, ಅವರೇ ಬರೆದಿದ್ದಾರೆ. ಬಿಳಿಯ ಹುಡುಗ ನಮ್ಮನ್ನು ಬಿಟ್ಟು ಹೋದದ್ದು ತನ್ನ ಮನೆಗೆ. ಈ ಹುಡುಗಿ ಮರಳಿದ್ದು ಕೇರಿಗೆ. ಒಂದೇ ಸ್ವಯಂಸೇವೆ ಎಂಬ ಹೆಸರಿನಲ್ಲಿ ಎರಡೂ ನಡೆಯುತ್ತವೆ.

ನಮ್ಮ ಮಾತನ್ನೂ ಆಡಿಬಿಡಬೇಕು, ಇಲ್ಲದಿದ್ದರೆ ಈ ಬರಹ ಬರೀ ಬೊಬ್ಬೆಯಾಗುತ್ತದೆ. ನಾವೂ ‘ಬತ್ತೀನಿ’ ಅಂದು ಕೇರಿಯಿಂದ ಹೊರಟವರೇ. ಹಾಸ್ಟೆಲು, ಸ್ಕಾಲರ್‌ಶಿಪ್ಪು, ಕಾಲೇಜು, ನೌಕರಿ, ಬೆಂಗಳೂರು. ರಜೆಯಲ್ಲಿ ಹೋಗಿ ಭಾಷಣ ಮಾಡಿ, ಹಾಡು ಹೇಳಿ, ಹುಡುಗರ ರಕ್ತ ಬಿಸಿ ಮಾಡಿ ರಾತ್ರಿ ಬಸ್ಸಿಗೆ ವಾಪಸ್ಸು ಬಂದಿದ್ದೇವೆ. ಬೆಳಿಗ್ಗೆ ಬಾವಿಕಟ್ಟೆಗೆ ಹೋಗಬೇಕಾದವರು ಅವರು. ಆ ಬಿಳಿಯನಿಗಾದರೂ ಎರಡು ವರ್ಷದ ಕಾಗದವಿತ್ತು. ನಮ್ಮದು ಎಷ್ಟು ಹೊತ್ತಿನ ಭೇಟಿ ಎಂದು ನಾವು ಯಾರಿಗೂ ಹೇಳಿಲ್ಲ.

1994ರ ಚಳಿಗಾಲದಲ್ಲಿ ಅವನು ಬಂದ. ಬಾಡಿಗೆ ಕಾರು, ಜೊತೆಗೆ ಹೆಂಡತಿ, ತಲೆ ಪೂರಾ ಬೆಳ್ಳಗಾಗಿತ್ತು. ಅಂದು ನಾವೂ ಊರಲ್ಲಿದ್ದೆವು. ಅಜ್ಜಿಯನ್ನು ಕೇಳಿದ, ಅವಳು ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಬಾವಿ ನೋಡಬೇಕೆಂದ; ಬೋರ್‌ವೆಲ್ ಬಂದ ಮೇಲೆ ಅದಕ್ಕೆ ಊರ ಕಸ ತುಂಬಿತ್ತು. ನಲ್ಲಿ ಎರಡು, ಊರಿಗೊಂದು ಕೇರಿಗೊಂದು. ಎರಡನ್ನೂ ನೋಡಿ ಸುಮ್ಮನಾದ. ಆ ಹಳೆಯ ಫೋಟೋ ತಂದಿದ್ದ. ಜಗಲಿಯ ಮೇಲೆ ಕೂತು ನಮ್ಮಯ್ಯನಿಗೆ ತೋರಿಸಿದ. ನಮ್ಮಯ್ಯ ಕಣ್ಣು ಕಿರಿದು ಮಾಡಿ ನೋಡಿ, ಫೋಟೋದ ಅಂಚಿನಾಚೆ, ಬರೀ ಗಾಳಿಯಲ್ಲಿ ಬೆರಳಿಟ್ಟು ‘ಇಲ್ಲಿದ್ದೊ ನಾವು’ ಅಂದ. ಆಮೇಲೆ ಆ ಕಾಗದದ ಮಾತು ತೆಗೆದ. ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದನ್ನು ಒಂದೂ ಬಿಡದೆ ಹೇಳಿದ: ತಪ್ಪು ನಿನ್ನದಲ್ಲ, ನೀರು ನಮ್ಮದು, ಕೈ ನಮ್ಮದು, ನೀನು ಓಗೋ ದಿನ ಒಂದು ಹೇಳಿದ್ದರೆ ಸಾಕಿತ್ತು. ಅವನು ತಲೆ ತಗ್ಗಿಸಿ ಕೇಳಿದ. ಕನ್ನಡ ಅರ್ಧ ಮರೆತುಹೋಗಿತ್ತು, ಆದರೂ ತಿಳಿಯಿತು ಅಂತ ಕಾಣುತ್ತದೆ.

ಹೊರಡುವ ಹೊತ್ತಾಯಿತು. ಈ ಸಲ ಅವನು ಅಳಲಿಲ್ಲ. ಏನೂ ಅನ್ನದೆ ಕೈ ಮುಗಿದು ಹೋಗಿ ಕಾರಿನ ಬಾಗಿಲು ತೆಗೆದ. ನಮ್ಮಯ್ಯ ಜಗಲಿಯಿಂದಲೇ ಕೂಗಿದ:

‘ಏನೂ ಅನ್ದೆ ಎದ್ದೋಯ್ತಾ ಇದ್ದೀಯಲ್ಲಪ್ಪ, ಇದೇನ್ ಸಾವಿನ್ ಮನೆಯಾ?’

ಅವನು ಬಾಗಿಲು ಬಿಟ್ಟು ವಾಪಸ್ಸು ನಡೆದು ಬಂದ. ನಮ್ಮಯ್ಯನ ಸೊಟ್ಟ ಕೈಯನ್ನು ಹಿಡಿದುಕೊಂಡು, ಅಕ್ಷರ ಅಕ್ಷರ ಕೂಡಿಸಿಕೊಂಡು, ‘ಬರೋದು ಆಗಲ್ಲ ಅಂತ ಕಾಣುತ್ತೆ ಅಯ್ಯಾ, ವಯಸ್ಸಾಯ್ತು’ ಅಂದ. ಸ್ವಲ್ಪ ತಡೆದು ‘ಬತ್ತೀನಿ’ ಅಂದ.

‘ಊಂ, ಬಾ’ ಅಂದ ನಮ್ಮಯ್ಯ.